ಪುಸ್ತಕದ ಹೊರಗಿನ ಪುರಾಣಚಿತ್ರ

೧

ಹಳೆಯ ಮನೆತನಗಳಲ್ಲಿ ಅಟ್ಟದ ಮೇಲಿನ ಓಲೆಯ ಕಟ್ಟೊಂದನ್ನು ಇಳಿಸಿ ಬಿಚ್ಚಿದರೆ ಮೊದಲು ಕಣ್ಣಿಗೆ ಬೀಳುವುವು ಮೇಲೊಂದು ಕೆಳಗೊಂದು ಮರದ ಹಲಗೆಗಳು. ಅವುಗಳ ನಡುವೆ ದಾರದಲ್ಲಿ ಪೋಣಿಸಿದ ಗರಿಗಳು. ಗರಿಯ ಎರಡು ಮಗ್ಗುಲಲ್ಲಿಯೂ ತೆರಪಿಲ್ಲದಂತೆ ಕೊರೆದ ಅಕ್ಷರದ ಸಾಲುಗಳು. ಪದ್ಯ ಮುಗಿದುದಕ್ಕೆ ಒಂದು ಗೆರೆ, ಸಂಧಿ ಮುಗಿದುದಕ್ಕೆ ಒಂದು ಮಂಗಳವಾಕ್ಯ. ಇದಕ್ಕಿಂತ ಹೆಚ್ಚಿನ ಅಲಂಕಾರ ಅಪೂರ್ವ. ಕುಮಾರವ್ಯಾಸನ ಭಾರತವಾಗಲಿ, ತೊರವೆಯ ರಾಮಾಯಣವಾಗಲಿ, ಲಕ್ಷ್ಮೀಶನ ಜೈಮಿನಿ ಭಾರತವಾಗಲಿ, ಕನ್ನಡ ನಾಡಿನ ಮನೆಮನೆಗಳಲ್ಲಿ ನಿಂತುದು ಈ ವೇಷದಲ್ಲಿಯೇ. ಖಾಂಡವದಹನವನ್ನು ಹೇಳುವ ಗರಿಯಲ್ಲಿ ಬೆಂಕಿಯ ಕೆಂಪಿಲ್ಲ. ಶ್ರೀಕೃಷ್ಣನ ಬಾಲಲೀಲೆಯನ್ನು ಹೇಳುವ ಗರಿಯಲ್ಲಿ ಬೆಣ್ಣೆಯ ಗಡಿಗೆಯಿಲ್ಲ.

ಉತ್ತರದ ಚಿತ್ರಿತ ಗ್ರಂಥಗಳ ಅಚ್ಚುಪ್ರತಿಗಳನ್ನು ನೋಡಿದವರಿಗೆ ಇದರಿಂದ ಒಂದು ಸಂದೇಹ ಹುಟ್ಟುವುದು ಸಹಜ. ಅಲ್ಲಿ ಭಾಗವತದ ಹಾಳೆಹಾಳೆಯಲ್ಲಿಯೂ ಗೋಪಿಯರು ನೃತ್ಯಮಾಡುವರು, ಕಾಳಿಯನು ಹೆಡೆಯೆತ್ತುವನು, ಯಮುನೆ ಸುಳಿಸುಳಿಯಾಗಿ ಹರಿಯುವಳು. ಇಲ್ಲಿಯಾದರೋ ಬರಿಯ ಅಕ್ಷರ. ಹಾಗಾದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಂತಹ ಸೀಮೆಗಳಲ್ಲಿ ಪುರಾಣಕ್ಕೆ ಚಿತ್ರವನ್ನು ಕೂಡಿಸುವ ಸಂಪ್ರದಾಯವೇ ಇರಲಿಲ್ಲವೆ? ಈ ಪ್ರಶ್ನೆಗೆ ‘ಇರಲಿಲ್ಲ’ ಎಂದು ಉತ್ತರ ಹೇಳಿಬಿಡುವುದು ಸುಲಭ; ಆದರೆ ಆ ಉತ್ತರ ಸರಿಯಲ್ಲ. ಚಿತ್ರವಿದ್ದಿತು, ಅದು ಪುಸ್ತಕದ ಒಳಗೆ ಇರಲಿಲ್ಲ. ಅದು ಎಲ್ಲಿತ್ತು, ಏಕೆ ಅಲ್ಲಿತ್ತು ಎಂಬುದನ್ನು ವಿಚಾರಿಸಿದರೆ ಈ ಸೀಮೆಯ ಜನರು ಕಥೆಯನ್ನು ಹೇಗೆ ಬಾಳಿಸಿಕೊಂಡು ಬಂದರೆಂಬುದು ತಿಳಿಯುವುದು. ಇಂದು ಅದರಲ್ಲಿ ಯಾವುದು ಕಳೆದುಹೋಗುತ್ತಿದೆ ಎಂಬುದೂ ತಿಳಿಯುವುದು.

೨

ಮೊದಲು ಉತ್ತರದ ಸಂಗತಿ. ಗುಜರಾತು ರಾಜಸ್ಥಾನಗಳಲ್ಲಿ ಜೈನ ಶ್ರಾವಕರು ಕಲ್ಪಸೂತ್ರವನ್ನು ಬರೆಯಿಸಿ, ಚಿತ್ರಗಳನ್ನು ಹಾಕಿಸಿ, ಗುರುಗಳಿಗೆ ಅರ್ಪಿಸುತ್ತಿದ್ದರು. ಮೊದಲು ಆ ಗ್ರಂಥಗಳೂ ಓಲೆಯವೇ. ಕಾಗದವು ಬಳಕೆಗೆ ಬಂದಮೇಲೂ ಓಲೆಯ ಅಡ್ಡಉದ್ದದ ಆಕಾರವನ್ನು ಲಿಪಿಕಾರರು ಬಿಡಲಿಲ್ಲ. ಆದರೆ ಕಾಗದಕ್ಕೆ ಗರಿಯ ಇಕ್ಕಟ್ಟಿಲ್ಲವಾದಕಾರಣ ಹಾಳೆಯ ಎತ್ತರ ಬರುಬರುತ್ತ ಹೆಚ್ಚಿತು, ಚಿತ್ರಕ್ಕೆ ಎಡೆಯೂ ಹೆಚ್ಚಿತು. ಇದೇ ಶೈಲಿಯಲ್ಲಿ ೧೫ನೆಯ ಶತಮಾನದಲ್ಲಿ ಬಿಲ್ವಮಂಗಲನ ಬಾಲಗೋಪಾಲಸ್ತುತಿಗೆ ಚಿತ್ರಗಳನ್ನು ಬರೆದರು. ಮೊನಚಾದ ಮೂಗು, ಮುಖದ ಗೆರೆಯನ್ನು ಮೀರಿ ಹೊರಚಾಚಿದ ಕಣ್ಣು, ಕೆಂಪು ಹಿನ್ನೆಲೆ. ಜಿನಚರಿತೆಗೆ ಒದಗಿದ ಕೈಯೇ ಗೋಪಾಲನ ಚರಿತೆಗೂ ಒದಗಿತು.

ಮುಂದೆ ಸಿಕಂದರ ಲೋದಿಯ ಆಳಿಕೆಯಲ್ಲಿ, ೧೫೧೬ರಲ್ಲಿ, ಮಹಾಭಾರತದ ಆರಣ್ಯಕಪರ್ವದ ಚಿತ್ರಿತ ಪ್ರತಿಯೊಂದು ಸಿದ್ಧವಾಯಿತು. ಕಾಲವನ್ನು ತಾನೇ ಹೇಳುವ ಈ ಗ್ರಂಥ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದೆ. ಸುಮಾರು ಅದೇ ಕಾಲದ, ದಿಲ್ಲಿ ಆಗ್ರಾ ಪ್ರಾಂತದ್ದೆಂದು ವಿದ್ವಾಂಸರು ಊಹಿಸಿರುವ ಭಾಗವತ ದಶಮಸ್ಕಂಧದ ಪ್ರತಿಯೊಂದು ಅತ್ಯಂತ ಪ್ರಸಿದ್ಧವಾದುದು. ಅದರ ಅದೃಷ್ಟ ಮಾತ್ರ ಬೇರೆ: ಹಾಳೆಗಳು ಒಂದೊಂದಾಗಿ ಬೇರ್ಪಟ್ಟು ಈ ದೇಶದ ಮತ್ತು ಹೊರದೇಶಗಳ ವಸ್ತುಸಂಗ್ರಹಾಲಯಗಳಲ್ಲಿ ಚೆದರಿಹೋಗಿವೆ. ಬಳಿಕ ೧೫೮೨ರಲ್ಲಿ ಅಕ್ಬರನು ಮಹಾಭಾರತವನ್ನು ಪಾರಸಿಯ ಭಾಷೆಗೆ ತರಲು ಆಜ್ಞಾಪಿಸಿದನು. ರಜ್ಮ್‌ನಾಮ ಎಂಬ ಆ ಗ್ರಂಥಕ್ಕೆ ಆಸ್ಥಾನದ ಚಿತ್ರಕಾರರು ಸಾಲುಸಾಲಾಗಿ ಚಿತ್ರಗಳನ್ನು ರಚಿಸಿದರು.

ಈ ಎಲ್ಲ ಗ್ರಂಥಗಳಿಗೂ ಸಾಮಾನ್ಯವಾದ ಒಂದು ಲಕ್ಷಣವುಂಟು. ಅವು ಕೈಯಲ್ಲಿ ಹಿಡಿದು, ಹತ್ತಿರದಿಂದ ನೋಡಬೇಕಾದವು. ಒಬ್ಬ ಒಡೆಯನು, ಅವನ ಬಳಿ ಕುಳಿತ ಇಬ್ಬರು ಮೂವರು. ಇಷ್ಟು ಜನಕ್ಕೆ ಒಂದು ಹಾಳೆ. ಪುಸ್ತಕವನ್ನು ಕಾಣುವುದೇ ಅಲ್ಲಿ ಒಂದು ಭೋಗ, ಒಂದು ಪುಣ್ಯ.

೩

ಕನ್ನಡ ನಾಡಿನಲ್ಲಿ ಚಿತ್ರಕಲೆಯ ಜ್ಞಾನಕ್ಕೆ ಕೊರತೆಯಿರಲಿಲ್ಲವೆಂಬುದಕ್ಕೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನೇ ಸಾಕ್ಷಿ. ೧೧೨೬ರಿಂದ ೧೧೩೮ರವರೆಗೆ ಆಳಿದ ಈ ದೊರೆ ತನ್ನ ಮಾನಸೋಲ್ಲಾಸದಲ್ಲಿ ಗೋಡೆಯನ್ನು ನುಣುಪುಮಾಡುವ ಬಗೆ, ತೊಗಲನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ತೆಗೆಯುವ ಕ್ರಮ, ಕುಂಚಗಳ ಭೇದ, ಬಣ್ಣಗಳ ಬೆರಕೆ, ಇವೆಲ್ಲವನ್ನೂ ಕೆಲಸ ಬಲ್ಲವನ ಮಾತಿನಲ್ಲಿ ವಿವರಿಸಿದ್ದಾನೆ. ಬಿಳಿಗೆ ಶಂಖದ ಪುಡಿ, ಹಳದಿಗೆ ಹರಿತಾಳ, ಕಪ್ಪಿಗೆ ಕಾಡಿಗೆ, ಕೆಂಪಿನ ಭೇದಗಳಿಗೆ ಇಂಗಲೀಕ, ಕಾವಿ ಮತ್ತು ಅಲಕ್ತಕ. ಅಲಕ್ತಕವೆಂದರೆ ಅರಗಿನ ಕೆಂಪು. ಚನ್ನಪಟ್ಟಣದ ಕುಶಲಿಗಳು ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜುವಿಕೆಯ ಬಿಸಿಯಿಂದಲೇ ಅದನ್ನು ಕರಗಿಸಿ ಹಿಡಿಸುವುದನ್ನು ಕಂಡವರಿಗೆ ಈ ದ್ರವ್ಯವು ಹೊಸದಲ್ಲ.

ಓಲೆಯ ಮೇಲೆ ಬಣ್ಣದ ಚಿತ್ರ ಬರೆಯುವುದೂ ಇಲ್ಲಿ ತಿಳಿಯದ ವಿದ್ಯೆಯಲ್ಲ. ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಪೂಜೆಗೊಂಡು ಉಳಿದ ಧವಲಾ ಟೀಕೆಯ ಪ್ರತಿ ೧೧೧೩ರದು. ಹೊಯ್ಸಳ ವಿಷ್ಣುವರ್ಧನನು ಆಳುತ್ತಿದ್ದ ಕಾಲ. ಅದರ ಮತ್ತು ಅದರ ಜೊತೆಯ ಗ್ರಂಥಗಳ ಗರಿಗಳ ಮೇಲೆ ತೀರ್ಥಂಕರರು, ಯಕ್ಷಯಕ್ಷಿಯರು, ಕೈಮುಗಿದ ಭಕ್ತರು ಇಂದಿಗೂ ಬಣ್ಣಗೆಡದೆ ನಿಂತಿದ್ದಾರೆ. ದಕ್ಷಿಣದ ಚಿತ್ರಿತ ಗ್ರಂಥಗಳಲ್ಲಿ ಇವು ಅತಿ ಪ್ರಾಚೀನವಾದವುಗಳೆಂದು ಹೆಸರಾಗಿವೆ. ಗರಿಯ ಅಗಲ ಕಿರಿದೆಂಬ ಒಂದೇ ಕಾರಣದಿಂದ ಚಿತ್ರ ಬರಲಿಲ್ಲವೆಂದು ಹೇಳುವಂತಿಲ್ಲ. ಒಡಿಶಾದಲ್ಲಂತೂ ಅಕ್ಷರ ಕೊರೆಯುವ ಕಂಟದಿಂದಲೇ ಗೀತಗೋವಿಂದದ ಚಿತ್ರಗಳನ್ನು ಕೊರೆದರು. ಕಂಟವೂ ಇದ್ದಿತು, ಗರಿಯೂ ಇದ್ದಿತು, ಬಣ್ಣವೂ ಇದ್ದಿತು. ಆದುದರಿಂದ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಆ ಕಾರಣವು ಪುಸ್ತಕದ ಬಳಕೆಯಲ್ಲಿದೆ. ಜೈನರಲ್ಲಿ ಶಾಸ್ತ್ರದಾನವು ನಾಲ್ಕು ದಾನಗಳಲ್ಲೊಂದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಅಲ್ಲಿ ಗ್ರಂಥವು ಓದಿಗೆ ಮಾತ್ರವೇ ಅಲ್ಲ, ಪೂಜೆಗೂ ಸಲ್ಲುವ ವಸ್ತು. ಪೂಜ್ಯವಸ್ತುವಿಗೆ ಅಲಂಕಾರ ಸಲ್ಲುತ್ತದೆ. ವೈದಿಕ ಪುರಾಣಗಳೂ ಪುಸ್ತಕದಾನವನ್ನು ಹೊಗಳಿದ್ದುಂಟು. ಆದರೆ ಅವುಗಳ ಫಲಶ್ರುತಿಗಳು ಮತ್ತೆಮತ್ತೆ ಒತ್ತಿ ಹೇಳುವುದು ಕೇಳಿದವರಿಗೆ ಬರುವ ಪುಣ್ಯವನ್ನು. ಶ್ರವಣವೇ ಅಲ್ಲಿ ಮೊದಲನೆಯ ಭಕ್ತಿ. ಗಮಕಿಯು ರಾಗವಾಗಿ ಓದುವನು, ವ್ಯಾಖ್ಯಾನಕಾರನು ಅರ್ಥ ಹೇಳುವನು, ಜಗಲಿಯ ತುಂಬ ಜನ ಕುಳಿತು ಕೇಳುವರು. ಆ ಸಭೆಯಲ್ಲಿ ಗರಿಯ ಮೇಲೆ ಕಣ್ಣಿಡುವವನು ಗಮಕಿಯೊಬ್ಬನೇ. ಅವನಿಗೆ ಬೇಕಾದುದು ಅಕ್ಷರ, ಚಿತ್ರವಲ್ಲ. ಕೇಳುವ ನೂರು ಜನಕ್ಕೆ ಎರಡು ಬೆರಳಗಲದ ಚಿತ್ರದಿಂದ ಪ್ರಯೋಜನವೇನು? ಅವರಿಗೆ ಚಿತ್ರ ಬೇಕಾದರೆ ಅದು ದೊಡ್ಡದಾಗಿರಬೇಕು, ದೂರಕ್ಕೆ ಕಾಣುವಂತಿರಬೇಕು, ಎಲ್ಲರೂ ಒಟ್ಟಾಗಿ ನೋಡುವಂತಿರಬೇಕು.

೪

ಚನ್ನಪಟ್ಟಣದ ಸಮೀಪದ ದೊಡ್ಡಮಳೂರಿನಲ್ಲಿ ಅಪ್ರಮೇಯಸ್ವಾಮಿಯ ದೇವಾಲಯವಿದೆ. ಅಲ್ಲಿಯ ಅಂಬೆಗಾಲಿಕ್ಕುವ ನವನೀತಕೃಷ್ಣನ ವಿಗ್ರಹವನ್ನು ಕಾಣದವರು ಈ ಪ್ರಾಂತದಲ್ಲಿ ವಿರಳ. ಒಂದು ಕೈಯಲ್ಲಿ ಬೆಣ್ಣೆಯ ಮುದ್ದೆ. ಮುಖವೆತ್ತಿ ಮುಂದೆ ಸಾಗುವ ಮಗುವಿನ ಭಂಗಿ. ಪುರಂದರದಾಸರು ಈ ಮೂರ್ತಿಯ ಎದುರಿನಲ್ಲಿ ಕೀರ್ತನೆ ಹಾಡಿದರೆಂದು ಪ್ರತೀತಿ. ಮಕ್ಕಳ ಭಾಗ್ಯವನ್ನು ಬೇಡುವವರು ಇಲ್ಲಿ ತೊಟ್ಟಿಲನ್ನು ಒಪ್ಪಿಸುವರು. ಗುಜರಾತಿನ ಬಾಲಗೋಪಾಲಸ್ತುತಿಯ ಹಾಳೆಯಲ್ಲಿ ಯಾವ ಶಿಶುವನ್ನು ಚಿತ್ರಕಾರನು ಕುಂಚದಿಂದ ಬರೆದನೋ, ಅದೇ ಶಿಶುವನ್ನು ಇಲ್ಲಿ ಶಿಲ್ಪಿಯು ಕಲ್ಲಿನಲ್ಲಿ ಬಿಡಿಸಿದನು, ದಾಸರು ಹಾಡಿನಲ್ಲಿ ಎತ್ತಿಕೊಂಡರು, ತಾಯಂದಿರು ತೊಟ್ಟಿಲಲ್ಲಿ ತೂಗಿದರು. ಕಥೆ ಒಂದೇ, ಅದು ನಿಂತ ನೆಲೆ ಮಾತ್ರ ಬೇರೆ. ಮಾಗಡಿಯ ಸೀಮೆಯಲ್ಲಿ ಇದೇ ಬಗೆಯಾಗಿ ಕಥೆಯು ಆಟದ ರೂಪವನ್ನು ತಾಳಿತು. ಕೆಂಪೇಗೌಡನ ಹೆಸರಿನಲ್ಲಿರುವ ಗಂಗಾಗೌರೀವಿಲಾಸವೆಂಬ ತೆಲುಗು ಯಕ್ಷಗಾನವು ಶಿವನ ಮನೆಯ ಇಬ್ಬರು ಸತಿಯರ ಕಥೆಯನ್ನು ರಂಗದ ಮೇಲೆ ತಂದಿತು.

ಈ ನಾಲ್ಕು ಸೀಮೆಗಳ ರಾಜಕೀಯವೂ ಚಿತ್ರಸಂಪ್ರದಾಯದ ದಾರಿಯನ್ನು ತಿಳಿಯಲು ನೆರವಾಗುವುದು. ೧೫೬೫ರ ಯುದ್ಧದ ಬಳಿಕ ವಿಜಯನಗರದ ಅರಸರು ಪೆನುಗೊಂಡೆಗೆ ಬಂದು ನಿಂತರು. ೧೫೭೭ರಲ್ಲಿ ಬಿಜಾಪುರದ ಸೈನ್ಯವು ಪೆನುಗೊಂಡೆಯನ್ನು ಮುತ್ತಿದಾಗ ಅದನ್ನು ಕಾಪಾಡಿದ ಜಗದೇವರಾಯನಿಗೆ ದೊಡ್ಡ ಪ್ರಾಂತವೊಂದು ದೊರೆತು, ಚನ್ನಪಟ್ಟಣವು ಆ ವಂಶದ ರಾಜಧಾನಿಯಾಯಿತು. ೧೬೩೦ರಲ್ಲಿ ಅದನ್ನು ಮೈಸೂರಿನವರು ಗೆದ್ದುಕೊಂಡರು. ಮಾಗಡಿಯೂ ಸಾವನದುರ್ಗವೂ ಕೆಂಪೇಗೌಡನ ವಂಶದವರ ಕೈಯಲ್ಲಿ ೧೭೨೮ರವರೆಗೆ ಉಳಿದು, ಆ ವರ್ಷ ಮೈಸೂರಿಗೆ ಸೇರಿದುವು. ಹೀಗೆ ಈ ಸೀಮೆ ಒಂದು ಕಡೆ ಪೆನುಗೊಂಡೆಗೂ ಮತ್ತೊಂದು ಕಡೆ ಶ್ರೀರಂಗಪಟ್ಟಣಕ್ಕೂ ನಡುವಿನ ಹಾದಿಯಾಯಿತು. ಪೆನುಗೊಂಡೆಗೆ ಅನತಿದೂರದಲ್ಲಿಯೇ ಲೇಪಾಕ್ಷಿ. ಅಲ್ಲಿಯ ವೀರಭದ್ರ ದೇವಾಲಯದ ಛಾವಣಿಯಲ್ಲಿ, ಅಚ್ಯುತರಾಯನ ಕಾಲದಲ್ಲಿ ಬರೆಯಿಸಿದ ಪುರಾಣಚಿತ್ರಗಳ ಪಟ್ಟಿಕೆಗಳು ಓಲೆಯ ಗರಿಗಳಂತೆಯೇ ಉದ್ದುದ್ದವಾಗಿ ಸಾಗಿವೆ. ಪಾರ್ವತೀಕಲ್ಯಾಣ, ಕಿರಾತಾರ್ಜುನೀಯ ಮೊದಲಾದ ಕಥೆಗಳನ್ನು ಅಲ್ಲಿ ಸಾಲಾಗಿ ಓದಿಕೊಳ್ಳಬಹುದು. ಮಾಗಡಿಯಿಂದ ಬಡಗಲಿಗೆ, ತುಮಕೂರಿನ ಆಚೆಯ ಸೀಬಿಯ ನರಸಿಂಹ ದೇವಾಲಯದಲ್ಲಿಯೂ ೧೮ನೆಯ ಶತಮಾನದ ಕೊನೆಗೆ ಸೇರಿದ ಇಂತಹ ಛಾವಣಿಚಿತ್ರಗಳಿವೆ. ಇವೇ ಊರವರು ಒಟ್ಟಾಗಿ ಓದುವ ಚಿತ್ರಗ್ರಂಥಗಳು.

೫

ಗೋಡೆಯ ಚಿತ್ರವು ನಿಂತಲ್ಲಿ ನಿಲ್ಲುವಂತಹುದು. ಹಳ್ಳಿಯಿಂದ ಹಳ್ಳಿಗೆ ನಡೆದುಹೋಗುವ ಚಿತ್ರಗ್ರಂಥವೂ ಒಂದಿದ್ದಿತು, ಅದೇ ತೊಗಲುಗೊಂಬೆ.

ಕಿಳ್ಳೇಕ್ಯಾತರೆಂದು ಹೆಸರಾದ ಕಲಾವಿದರು ಮನೆಯಲ್ಲಿ ಆಡುವುದು ಮರಾಟಿಯ ಒಂದು ಪ್ರಭೇದ, ಆಟವಾಡಿಸುವುದು ಕನ್ನಡದಲ್ಲಿ. ಮೇಕೆಯ ಚರ್ಮವನ್ನು ಹದಮಾಡಿ, ಬೆಳಕು ತೂರುವಷ್ಟು ತೆಳುವಾಗಿಸಿ, ಗೆರೆಯೆಳೆದು, ಆಭರಣ ವಸ್ತ್ರಗಳ ಅಂಚುಗಳಿಗೆ ಸಣ್ಣ ಸಣ್ಣ ರಂಧ್ರಗಳನ್ನು ಕೊರೆದು, ಎರಡು ಮಗ್ಗುಲಿಗೂ ಕೆಂಪು, ಹಸುರು, ಕಪ್ಪು ಬಣ್ಣಗಳನ್ನು ಹಚ್ಚುವರು. ಇರುಳಾದ ಬಳಿಕ ಬಿಳಿಯ ಪರದೆಯನ್ನು ಬಿಗಿದು, ಹಿಂದೆ ದೀಪವಿಟ್ಟು, ಗೊಂಬೆಯನ್ನು ಪರದೆಗೆ ತಾಗಿಸಿ ಹಿಡಿದರೆ, ರಂಧ್ರಗಳು ಮುತ್ತಿನಂತೆ ಹೊಳೆಯುವುವು, ಬಣ್ಣವು ದೀಪದ ಬೆಳಕಿನಲ್ಲಿ ಜೀವ ತಾಳುವುದು. ಮಳೆ ಹೋದ ವರ್ಷಗಳಲ್ಲಿ ಊರವರೇ ಇವರನ್ನು ಕರೆಯಿಸಿ ಆಟವಾಡಿಸುತ್ತಿದ್ದರು. ಆಟವಾದರೆ ಮಳೆಯಾಗುವುದೆಂಬುದು ಅವರ ನಂಬುಗೆ. ಆಟವನ್ನು ನೋಡುವುದಕ್ಕೆ ಅಕ್ಷರ ಬರಬೇಕಾಗಿರಲಿಲ್ಲ, ಒಡೆಯನ ಅಪ್ಪಣೆಯೂ ಬೇಕಾಗಿರಲಿಲ್ಲ.

ಕರ್ನಾಟಕದ ಗೊಂಬೆಗಳಲ್ಲಿ ಗಮನಿಸಬೇಕಾದ ವಿಶೇಷವೊಂದುಂಟು. ಕೈಕಾಲು ಆಡುವ ಬಿಡಿ ಗೊಂಬೆಗಳಲ್ಲದೆ, ಒಂದೇ ತೊಗಲಿನಲ್ಲಿ ಇಡಿಯ ಸಂದರ್ಭವನ್ನು ಕೂಡಿಸಿದ ದೊಡ್ಡ ಗೊಂಬೆಗಳೂ ಇಲ್ಲಿ ಹೇರಳ: ಸೀತಾರಾಮಲಕ್ಷ್ಮಣರೊಡನೆ ಹನುಮಂತನೂ ಸೇರಿದ ಪಟ್ಟಾಭಿಷೇಕ, ಹತ್ತು ತಲೆಯ ರಾವಣನ ಒಡ್ಡೋಲಗ, ಕುದುರೆ ಸಾರಥಿ ಸಹಿತವಾದ ರಥ. ಇವು ಆಡುವುದಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆಂದೇ ಇರುವುವು. ಕಥೆಗಾರನು ಆ ಸಂದರ್ಭದ ಪದವನ್ನು ಹಾಡಿ ಮಾತನ್ನು ಆಡುವವರೆಗೂ ಅದು ಪರದೆಯ ಮೇಲೆ ನಿಲ್ಲುವುದು. ಬಳಿಕ ಮುಂದಿನದು ಬರುವುದು. ಚಿತ್ರಿತ ಗ್ರಂಥದ ಹಾಳೆಯನ್ನು ತಿರುವುವುದು ಇದಲ್ಲದೆ ಮತ್ತೇನು? ಭೇದವಿಷ್ಟೆ: ಅಲ್ಲಿ ಪಠ್ಯವು ಚಿತ್ರದ ಮಗ್ಗುಲಲ್ಲಿ ಬರೆದಿರುವುದು, ಇಲ್ಲಿ ಪಠ್ಯವು ಆಟಗಾರನ ಕಂಠದಲ್ಲಿರುವುದು. ಮುಖವನ್ನು ಒಂದು ಮಗ್ಗುಲಾಗಿ ತೋರಿಸಿ ಕಣ್ಣನ್ನು ಮಾತ್ರ ಪೂರ್ತಿಯಾಗಿ ಬರೆಯುವ ರೀತಿ, ಚೂಪಾದ ಮೂಗು, ಹೂವು ಚೌಕಳಿಗಳಿಂದ ತುಂಬಿದ ಸೀರೆಯ ನೆಯ್ಗೆ, ಇವೆಲ್ಲವೂ ಲೇಪಾಕ್ಷಿಯ ಛಾವಣಿಯನ್ನು ನೆನಪಿಗೆ ತರುವುವು. ಗೋಡೆಯ ಕಲೆ ತೊಗಲಿಗೆ ಇಳಿಯಿತೋ, ತೊಗಲಿನ ಕಲೆ ಗೋಡೆಯನ್ನೇರಿತೋ. ಒಂದೇ ಮನೆತನದ ಮುಖಲಕ್ಷಣ ಎರಡರಲ್ಲಿಯೂ ಇದೆ.

ಇಂತಹ ಗೊಂಬೆಗಳನ್ನು ಇಂದು ನೋಡಬಯಸುವವರು ದೂರ ಹೋಗಬೇಕಾಗಿಲ್ಲ. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ, ರಾಮನಗರದ ಬಳಿ, ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವು ೧೯೯೪ರಲ್ಲಿ ತೆರೆಯಿತು. ಅಲ್ಲಿಯ ಸಂಗ್ರಹದಲ್ಲಿ ತೊಗಲುಗೊಂಬೆಗಳಿಗೂ ಸ್ಥಾನವಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರ ಶ್ರಮದಿಂದ ಕೂಡಿದ ಗೊಂಬೆಗಳ ದೊಡ್ಡ ಭಂಡಾರವಿದೆ.

೬

ಕನ್ನಡ ನಾಡಿನಲ್ಲಿ ಚಿತ್ರವು ಪುಸ್ತಕದೊಳಕ್ಕೆ ಎಂದೂ ಪ್ರವೇಶಿಸಲಿಲ್ಲವೆಂದು ಇದರಿಂದ ಭಾವಿಸಬಾರದು. ಕಾಗದವೂ ಆಸ್ಥಾನವೂ ಕೂಡಿದಲ್ಲಿ ಅದು ಪ್ರವೇಶಿಸಿತು. ಸುಮಾರು ೧೬೭೦ರದೆಂದೂ ಶ್ರೀರಂಗಪಟ್ಟಣದ್ದೆಂದೂ ವಿದ್ವಾಂಸರು ಎಣಿಸಿರುವ ಮಹಾಭಾರತದ ಚಿತ್ರಿತ ಹಾಳೆಗಳು ಇದಕ್ಕೆ ನಿದರ್ಶನ. ದೊಡ್ಡದೇವರಾಜ ಒಡೆಯರ ಆಳಿಕೆಯ ಕಾಲವದು. ಚನ್ನಪಟ್ಟಣವು ಮೈಸೂರಿಗೆ ಸೇರಿ ನಲವತ್ತು ವರ್ಷಗಳಾಗಿದ್ದುವು, ಮಾಗಡಿಯಿನ್ನೂ ಸೇರಿರಲಿಲ್ಲ. ಉತ್ತರದ ಆ ಭಾಗವತದ ಗತಿಯೇ ಈ ಭಾರತಕ್ಕೂ ಒದಗಿತು. ಹಾಳೆಗಳು ಬಿಡಿಬಿಡಿಯಾಗಿ ಮಾರಾಟವಾಗಿ, ದೇಶದೇಶಗಳ ಸಂಗ್ರಹಗಳಲ್ಲಿ ಒಂದೊಂದು ಎರಡೆರಡಾಗಿ ಸೇರಿಕೊಂಡಿವೆ.

ಇದಾದ ಬಹುಕಾಲದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನವು ಚಿತ್ರಿತ ಗ್ರಂಥಕ್ಕೆ ದೊಡ್ಡ ಆಶ್ರಯವಾಯಿತು. ೧೭೯೯ರಲ್ಲಿ ಪಟ್ಟಕ್ಕೆ ಬಂದ ಇವರ ಕೈಯಿಂದ ೧೮೩೧ರಲ್ಲಿ ಆಡಳಿತವು ತಪ್ಪಿಹೋಯಿತು. ೧೮೬೮ರಲ್ಲಿ ಕಾಲವಾಗುವವರೆಗೂ ವಿದ್ಯೆ ಕಲೆಗಳ ಪೋಷಣೆ ಮಾತ್ರ ತಪ್ಪಲಿಲ್ಲ. ಇವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯು ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂಬ ಒಂಬತ್ತು ನಿಧಿಗಳಾಗಿ ಹರಡಿಕೊಂಡ ಮಹಾಗ್ರಂಥ. ಆಗಮ ಪುರಾಣಗಳಿಂದ ಆಯ್ದ ಧ್ಯಾನಶ್ಲೋಕಕ್ಕೆ ಸರಿಯಾಗಿ ದೇವತೆಯ ಬಣ್ಣ, ಕೈಗಳ ಸಂಖ್ಯೆ, ಆಯುಧ, ವಾಹನಗಳನ್ನು ಚಿತ್ರಕಾರನು ಬರೆದು ತೋರಿಸಿದ್ದಾನೆ. ಇದರಲ್ಲಿ ೧೨೨ ಯೋಗಾಸನಗಳ ಚಿತ್ರಗಳೂ ಇವೆ. ಕೌತುಕನಿಧಿಯಲ್ಲಿ ಆಟಗಳ ವಿಷಯವೂ ಬರುತ್ತದೆ. ಆಸ್ಥಾನದಲ್ಲಿ ಪ್ರಿಯವಾಗಿದ್ದ ಗಂಜೀಫದ ಎಲೆಗಳಿಗೂ ಪುರಾಣಚಿತ್ರವು ಇಳಿದಿತ್ತು. ದಶಾವತಾರದ ಗಂಜೀಫವೆಂದರೆ ಒಂದೊಂದು ಅವತಾರಕ್ಕೆ ಹನ್ನೆರಡರಂತೆ ೧೨೦ ಎಲೆಗಳು. ಒಂದು ಕೈ ಆಟವಾಡುವಷ್ಟರಲ್ಲಿ ಮತ್ಸ್ಯನಿಂದ ಕಲ್ಕಿಯವರೆಗೆ ಅವತಾರಗಳೆಲ್ಲವೂ ಕಣ್ಣಮುಂದೆ ಹಾದುಹೋಗುವುವು.

ಶ್ರೀತತ್ತ್ವನಿಧಿಯನ್ನು ಉತ್ತರದ ಭಾಗವತದೊಡನೆ ಹೋಲಿಸಿದರೆ ಒಂದು ಅಂತರವು ಕೂಡಲೆ ಕಾಣುವುದು. ಅಲ್ಲಿ ಚಿತ್ರವು ಕಥೆಯನ್ನು ನಡೆಯಿಸುವುದು. ಇಲ್ಲಿ ಚಿತ್ರವು ಮೂರ್ತಿಯನ್ನು ನಿಲ್ಲಿಸುವುದು. ಅಲ್ಲಿ ‘ಮುಂದೇನಾಯಿತು’ ಎಂಬ ಕುತೂಹಲ. ಇಲ್ಲಿ ‘ರೂಪವೆಂತಹುದು’ ಎಂಬ ಜಿಜ್ಞಾಸೆ. ಕಥೆ ನಡೆಯಿಸುವ ಕೆಲಸವನ್ನು ಈ ನಾಡಿನಲ್ಲಿ ಗಮಕಿಯೂ ಗೊಂಬೆಯಾಟದವನೂ ಬಯಲಾಟದವರೂ ಆಗಲೇ ವಹಿಸಿಕೊಂಡಿದ್ದರು. ಪುಸ್ತಕದ ಪಾಲಿಗೆ ಉಳಿದುದು ಧ್ಯಾನ. ಆದುದರಿಂದ ಮೈಸೂರಿನ ಚಿತ್ರಿತ ಗ್ರಂಥವನ್ನು ತೊಗಲುಗೊಂಬೆಯ ಜೊತೆಯಲ್ಲಿಟ್ಟು ನೋಡಿದಾಗಲೇ ಎರಡರ ಅರ್ಥವೂ ತುಂಬುವುದು.

೭

೧೮೯೪ರಲ್ಲಿ ರವಿವರ್ಮನ ಅಚ್ಚುಕೂಟವು ಮುಂಬಯಿಯಲ್ಲಿ ಆರಂಭವಾದಮೇಲೆ ಲಕ್ಷ್ಮೀ ಸರಸ್ವತಿಯರ ಪಟಗಳು ಮನೆಮನೆಯ ಗೋಡೆಯನ್ನೇರಿದುವು. ಬಳಿಕ ಚಲಚ್ಚಿತ್ರ, ದೂರದರ್ಶನಗಳು ಬಂದುವು. ಬಯಲಿನ ಪರದೆಯ ಮುಂದೆ ಕೂರುವವರು ಕಡಿಮೆಯಾದರು. ಅದನ್ನು ಶೋಕಿಸಿ ಫಲವಿಲ್ಲ; ಕಥೆಯು ಹೊಸ ನೆಲೆಯನ್ನು ಹುಡುಕಿಕೊಳ್ಳುವುದು ಹಿಂದಿನಿಂದಲೂ ಇದ್ದುದೇ. ಆದರೆ ಹಳೆಯ ನೆಲೆಯಲ್ಲಿ ಉಳಿದ ವಸ್ತುಗಳ ಗತಿ ವಿಚಾರಕ್ಕೆ ಯೋಗ್ಯವಾದುದು.

ತೊಗಲು ಬಹುಕಾಲ ಬಾಳುವ ಪದಾರ್ಥವಲ್ಲ. ಹುಳ ತಿನ್ನುವುದು, ಸೆಕೆಗೆ ಸುರುಟುವುದು. ಸವೆದ ಗೊಂಬೆಯನ್ನು ಹೊಳೆಗೆ ಬಿಡುವ ವಾಡಿಕೆಯೂ ಉಂಟು. ಉಳಿದವುಗಳು ಬಿಡಿಬಿಡಿಯಾಗಿ ಮಾರಾಟವಾಗುವುದು ಇದಕ್ಕಿಂತ ದೊಡ್ಡ ಹಾನಿ. ರಾವಣನ ಗೊಂಬೆಯೊಂದು ಯಾವುದೋ ನಗರದ ಮನೆಯ ಗೋಡೆಯ ಮೇಲೆ ಗಾಜಿನೊಳಗೆ ನಿಂತರೆ ನೋಡುವುದಕ್ಕೆ ಅದು ಅಂದವೇ. ಆದರೆ ಅದು ಯಾವ ಆಟದ ರಾವಣ? ಸೀತೆಯನ್ನು ಕದ್ದೊಯ್ಯುವವನೋ, ಅಂಗದನ ಮಾತನ್ನು ಕೇಳುವವನೋ, ಕಡೆಯ ದಿನದ ಕಾಳಗಕ್ಕೆ ಹೊರಟವನೋ? ಅದರ ಹಿಂದೆ ಯಾವುದು ಬರುತ್ತಿತ್ತು, ಮುಂದೆ ಯಾವುದು ಬರುತ್ತಿತ್ತು? ಓಲೆಯ ಗರಿಗಾದರೆ ಅಂಕೆಯಿರುವುದು. ದಾರ ಕಡಿದರೂ ಮರಳಿ ಜ್ಞಾನದಿಂದ ಜೋಡಿಸಬಹುದು. ಚೆದರಿದ ಭಾಗವತದ ಹಾಳೆಗಳನ್ನು ಕೂಡ ಮೂಲಗ್ರಂಥದ ನೆರವಿನಿಂದ ವಿದ್ವಾಂಸರು ಕ್ರಮಕ್ಕೆ ತಂದುಕೊಳ್ಳಬಲ್ಲರು. ಗೊಂಬೆಯ ಅಂಕೆ ಆಟಗಾರನ ನೆನಪಿನಲ್ಲಿದೆ. ಅವನು ತೀರಿಕೊಂಡ ದಿನ ನೂರು ಗೊಂಬೆಗಳ ಕಟ್ಟು ದಾರ ಕಡಿದ ಪುಸ್ತಕವಾಗುವುದು. ಅದಕ್ಕೆ ಮೂಲಪ್ರತಿಯೆಂಬುದು ಬೇರೆಲ್ಲಿಯೂ ಇಲ್ಲ.

ಮನೆಗಳಲ್ಲಿರುವ ಓಲೆಯ ಕಟ್ಟುಗಳಿಗೂ ಇದೇ ನ್ಯಾಯ ಹೊಂದುವುದು. ೧೮೯೧ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಬಂದು ಸೇರಿದ ಒಂದು ಓಲೆಯ ಕಟ್ಟಿನಿಂದಲೇ ಕೌಟಿಲ್ಯನ ಅರ್ಥಶಾಸ್ತ್ರವು ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, ೧೯೦೯ರಲ್ಲಿ ಅಚ್ಚಾಗಿ, ಲೋಕಕ್ಕೆ ಗೊತ್ತಾಯಿತೆಂಬುದನ್ನು ಓದುಬಲ್ಲ ಮನೆಗಳವರು ಮರೆಯಬಾರದು. ಮನೆಯ ಅಟ್ಟದಲ್ಲಿರುವುದು ಅಷ್ಟು ಅಪೂರ್ವವಾದ ಗ್ರಂಥವಲ್ಲದೆ ಸಾಮಾನ್ಯವಾದ ಜೈಮಿನಿ ಭಾರತವೇ ಆಗಿರಬಹುದು. ಆದರೂ ಅದನ್ನು ಯಾರು ಓದುತ್ತಿದ್ದರು, ಯಾವ ತಿಂಗಳಲ್ಲಿ ಓದುತ್ತಿದ್ದರು, ಕೇಳಲು ಯಾವ ಬೀದಿಯವರು ಬರುತ್ತಿದ್ದರು, ಊರಿಗೆ ಗೊಂಬೆಯಾಟದವರು ಎಂದು ಬರುತ್ತಿದ್ದರು, ಯಾವ ಕಥೆಯನ್ನು ಆಡಿಸುತ್ತಿದ್ದರು ಎಂಬ ನಾಲ್ಕು ಮಾತುಗಳನ್ನು ಹಿರಿಯರಿಂದ ಕೇಳಿ ಒಂದು ಕಾಗದದಲ್ಲಿ ಬರೆದು ಆ ಕಟ್ಟಿನೊಡನೆ ಇಟ್ಟರೆ, ಆ ಕಾಗದದ ಬೆಲೆ ಓಲೆಗಿಂತ ಕಡಿಮೆಯಾಗದು. ಹಾಗೆಯೇ ಗೊಂಬೆಯನ್ನು ಕೊಳ್ಳುವ ಸಂಸ್ಥೆಗಳೂ ರಸಿಕರೂ ಒಂದನ್ನು ಆರಿಸಿ ತೆಗೆಯದೆ ಕಟ್ಟನ್ನು ಇಡಿಯಾಗಿ ತೆಗೆದುಕೊಂಡು, ಆಟಗಾರನ ಬಾಯಿಂದಲೇ ಅನುಕ್ರಮವನ್ನೂ ಪದಗಳನ್ನೂ ಬರೆದಿಟ್ಟುಕೊಳ್ಳುವುದು ಯುಕ್ತ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಗೆ ಚಿತ್ರಿತ ಪುರಾಣಗ್ರಂಥದ ಹೆಮ್ಮೆಯಿಲ್ಲವೆಂದು ಯಾರೂ ಕುಗ್ಗಬೇಕಾಗಿಲ್ಲ. ಇಲ್ಲಿ ಗ್ರಂಥದ ಅಕ್ಷರವು ಅಟ್ಟದ ಮೇಲಿತ್ತು, ಅದರ ಸ್ವರವು ಜಗಲಿಯಲ್ಲಿತ್ತು, ಅದರ ಚಿತ್ರವು ಊರ ಬಯಲಿನ ಪರದೆಯ ಮೇಲಿತ್ತು. ಮೂರನ್ನೂ ಒಟ್ಟಿಗೆ ಹಿಡಿದುಕೊಂಡಿದ್ದುದು ಕೇಳುವ, ನೋಡುವ ಜನ. ಅಕ್ಷರವೊಂದನ್ನೇ ಕಾಪಾಡಿ ‘ಗ್ರಂಥ ಉಳಿಯಿತು’ ಎನ್ನುವುದೂ, ಗೊಂಬೆಯೊಂದನ್ನೇ ಕಾಪಾಡಿ ‘ಕಲೆ ಉಳಿಯಿತು’ ಎನ್ನುವುದೂ ಸಮಾನವಾದ ಭ್ರಾಂತಿಗಳು. ಮೂರನ್ನೂ ಕೂಡಿಸಿ ಕಂಡವರು ಇನ್ನೂ ಕೆಲವರು ಈ ಹಳ್ಳಿಗಳಲ್ಲಿ ಇರುವಾಗಲೇ ಅವರ ಬಳಿ ಕುಳಿತು ಕೇಳಿ ಬರೆದಿಡುವುದು ಒಳ್ಳೆಯದು.